ತಂತಿ ಇಲ್ಲದ ಜಾಗದ ಉರಿ

ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಗೂಬೆಗೆ ಅಕ್ಕನ ಆಶೀರ್ವಾದ.

ಇವತ್ತು ಆಶೀರ್ವಾದ ಮಾಡುವ ಮುಖ ನನಗಿಲ್ಲ, ಅಭ್ಯಾಸಬಲದಿಂದ ಬರೆದುಬಿಟ್ಟೆ. ಫೋನು ಮಾಡೋಣವೆಂದರೆ ನಿನ್ನ ದನಿ ಕೇಳಿದೊಡನೆ ಬಾಯಿಗೆ ಮತ್ತೆ ಸುಳ್ಳೇ ಬರುತ್ತದೆ. ಅದಕ್ಕೇ ನಿನ್ನ ಭಾವನ ಕೈಯಲ್ಲಿ ಈ ಕಾಗದ. ಆಮೇಲೆ ನೋಡೋಣ ಅಂತ ಜೇಬಿಗೆ ಇಳಿಸಬೇಡ, ಈಗಲೇ ಓದು.

ನನ್ನ ಎದೆಯ ಮೇಲಿನ ಸುಟ್ಟ ಬೊಬ್ಬೆ ಬಿಸಿನೀರಿನ ಚೀಲದಿಂದ ಆದದ್ದಲ್ಲ ಕಣೋ. ನಮ್ಮನೆಯಲ್ಲಿ ಅಂಥ ಚೀಲವೇ ಇಲ್ಲ. ಅದು ನಿಮ್ಮ ಆಸ್ಪತ್ರೆಯ ಬಿಸಿ ಕೊಡುವ ಯಂತ್ರದ ಕೆಳಗೇ ಎದ್ದದ್ದು.

ಮೊದಲ ದಿನ ನೀನು ಸ್ಟೂಲು ಎಳೆದುಕೊಂಡು ಕೂತು ಎಲ್ಲ ಹೇಳಿಕೊಟ್ಟಿದ್ದೆ. ಎದೆಯಲ್ಲಿ ಮತ್ತೆ ಎದ್ದ ಕ್ಯಾನ್ಸರ್ ಗಡ್ಡೆ ನಲವತ್ತಮೂರು ಡಿಗ್ರಿಯವರೆಗೆ ಕಾಯಬೇಕು, ಆಗ ಅದು ವಿಕಿರಣಕ್ಕೆ ಬೇಗ ಬಗ್ಗುತ್ತದೆ. ಸುತ್ತಲಿನ ಮಾಂಸ ಮಾತ್ರ ಬೇಯಬಾರದು. ಹರಿಯುವ ರಕ್ತ ಎಲ್ಲೆಲ್ಲಿ ಎಷ್ಟು ಬಿಸಿ ಹೊತ್ತುಕೊಂಡು ಹೋಗುತ್ತದೆ ಎನ್ನುವುದೇ ನಿನ್ನ ಲೆಕ್ಕ. ಬಿಸಿ ಅಳೆಯುವ ತಂತಿಗಳು ಕೆಲವೇ ಕಡೆ, ಉಳಿದ ಕಡೆಗೆಲ್ಲ ನನ್ನ ಬಾಯೇ ಥರ್ಮಾಮೀಟರು. 'ಸುಟ್ರೆ ಕೂಗಿಬಿಡು ಅಕ್ಕಾ' ಅಂದಿದ್ದೆ ನೀನು. ನನಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗದೆ ಮಾಡಿದ ತಪ್ಪಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೂರನೆಯ ಸಲ ಮಲಗಿದ್ದಾಗ, ಹಳೆಯ ಆಪರೇಷನ್ನಿನ ಹೊಲಿಗೆಯ ಹತ್ತಿರ, ತಂತಿ ಇಲ್ಲದ ಜಾಗದಲ್ಲಿ ಕೆಂಡ ಇಟ್ಟ ಹಾಗಾಯಿತು. ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು, 'ಹುಡುಗನ ಲೆಕ್ಕ ಸರಿಯಾಗೇ ಇದೆಯಲ್ಲಾ' ಅಂದರು. ನಿನ್ನ ಕಿವಿ ಕೆಂಪಾಯಿತು. ಚಿಕ್ಕಂದಿನಿಂದ ಯಾರಾದರೂ ಹೊಗಳಿದರೆ ನಿನಗೆ ಹಾಗೆಯೇ. ನೀನು ಬಗ್ಗಿ, 'ಸುಡ್ತಾ ಇದೆಯಾ ಅಕ್ಕಾ?' ಅಂದೆ. 'ಇಲ್ಲಪ್ಪಾ, ಹಾಯಾಗಿದೆ' ಅಂದೆ ನಾನು. ಹಲ್ಲು ಕಚ್ಚಿಕೊಂಡು ಹಾಯಾಗಿದ್ದೆ!

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆರಲೂ ಇಲ್ಲ, ಬರೀ ಎತ್ತಿ ಆಡಿಸಿದವಳು. ಆದರೂ ನಿನ್ನ ವಿಷಯ ಬಂದರೆ ನನ್ನ ಬುದ್ಧಿಗೆ ಮಂಕು ಕವಿಯುತ್ತದೆ. ಮರುದಿನ ನರ್ಸಮ್ಮ ಬೊಬ್ಬೆ ನೋಡಿದಾಗ ಚೀಲದ ಕಥೆ ಕಟ್ಟಿದೆ. 'ನಿಂಗೇನು ತಲೆ ಕೆಟ್ಟಿದೆಯಾ' ಅಂತ ನೀನು ಎಲ್ಲರೆದುರು ರೇಗಿದೆ. ಬೈಸಿಕೊಂಡು ನಾನು ಒಳಗೊಳಗೇ ಹಿಗ್ಗಿದೆ, ತಮ್ಮನ ಮಾನ ಉಳಿಸಿದೆನೆಂದು. ಥೂ, ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ನಿನ್ನೆ ಸಂಜೆ ನೀನು ಮನೆಗೆ ಕುಣಿಯುತ್ತ ಬಂದೆ. ಹೊಲಿಗೆಯ ಹತ್ತಿರವೂ ರಕ್ತ ಚೆನ್ನಾಗಿ ಹರಿಯುತ್ತದೆಂದು, ನಾನು ಸುಡಲಿಲ್ಲ ಅಂದದ್ದರಿಂದ ಖಾತ್ರಿಯಾಯಿತಂತೆ. ಶುಕ್ರವಾರ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದ ಟೈಲರಮ್ಮನಿಗೂ ಇದೇ ಲೆಕ್ಕದಲ್ಲಿ ಬಿಸಿ ಕೊಡುತ್ತೀಯಂತೆ. ನನ್ನ ಜೀವ ಬಾಯಿಗೆ ಬಂತು. ಅವರಿಗೂ ನನ್ನಂತೆಯೇ ಎದೆ ತೆಗೆದು ಹೊಲಿದಿದ್ದಾರೆ. ಅಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ ಅಂತ ಕಾಣುತ್ತೆ ಕಣೋ, ಬಿಸಿ ಅಲ್ಲೇ ನಿಂತುಬಿಡುತ್ತದೆ. ಲೆಕ್ಕ ತಿದ್ದು. ದೊಡ್ಡ ಡಾಕ್ಟರಿಗೆ, ಅಕ್ಕ ಸುಳ್ಳು ಹೇಳಿದಳು ಅಂತಲೇ ಹೇಳು. ನಿನಗೆ ಹೆಸರು ಕೆಟ್ಟರೆ, ಕೆಡಿಸಿದವಳು ನಾನೇ. ನನ್ನೊಂದಿಗೆ ಮಾತು ಬಿಟ್ಟರೂ ಸರಿ.

ಇಂತಿ,
ನಿನ್ನ ಮುಂದೆ ತಲೆ ಎತ್ತಲಾರದ
ಅಕ್ಕ

ತಾ.ಕ.: ಇದೊಂದನ್ನು ಬರೆಯದೆ ಮಡಚಿಟ್ಟಿದ್ದೆ. ನಿನ್ನ ಭಾವ ಹೊರಟು ನಿಂತಿದ್ದಾರೆ, ಮತ್ತೆ ಬಿಚ್ಚಿದ್ದೇನೆ. ಮೊನ್ನೆ ಟೈಲರಮ್ಮ ನನ್ನ ಕೈ ಹಿಡಿದುಕೊಂಡು, 'ನಿಜ ಹೇಳಿ, ಸುಡುತ್ತಾ?' ಅಂತ ಕೇಳಿದರು. 'ನನ್ನ ತಮ್ಮನ ಲೆಕ್ಕ ತಪ್ಪೋದಿಲ್ಲ. ಉರಿ ಅನ್ನಿಸಿದ್ರೂ ಸುಮ್ಮನಿರಿ, ಅದು ಗುಣ ಆಗೋ ಉರಿ' ಅಂದೆ. ಅವರು ನನ್ನನ್ನು ನಂಬಿದ್ದಾರೆ. ನಾಳೆ ಅವರು ಕೂಗುವುದಿಲ್ಲ.