ಉಪ್ಪು ಪೈ ತಿಂದ ಸೆನೆಟರ್

ಪ್ರೀತಿಯ ಅಮ್ಮನಿಗೆ, ನ್ಯೂ ಹ್ಯಾಂಪ್‌ಶೈರ್‌ನ ಮೊಣಕಾಲುದ್ದ ಹಿಮದಿಂದ ಲೋರ್ನಾಳ ನಮಸ್ಕಾರ.

ಅಧ್ಯಕ್ಷ ಚುನಾವಣೆಗೆ ಪಕ್ಷದ ಟಿಕೆಟ್ ಬೇಕಾದವರು ಇಲ್ಲಿ ಮನೆಮನೆಗೆ ಬಂದು, ಕೊಟ್ಟದ್ದನ್ನು ತಿಂದು ಹೋಗಬೇಕು. ನಿನ್ನೆ ನಿನ್ನ ತಂಗಿ ಹೆಸ್ಟರ್ ಚಿಕ್ಕಮ್ಮ ಗಡಿಬಿಡಿಯಲ್ಲಿ ಆಪಲ್ ಪೈಗೆ ಸಕ್ಕರೆ ಬದಲು ಉಪ್ಪು ಸುರಿದಿದ್ದಳು. ಬೆಳಿಗ್ಗೆ ಬಂದ ಸೆನೆಟರ್, ರಾಜಕೀಯದಲ್ಲಿ ಮೂವತ್ತು ವರ್ಷ ಪಳಗಿದ ಹಳೇ ಹುಲಿ, ಕೊಟ್ಟ ತುಂಡನ್ನು ಪೂರ್ತಿ ತಿಂದು, "ಇನ್ನೊಂದು ತುಂಡು ಇದ್ಯಾ ತಾಯಿ?" ಎಂದರು. ಮಧ್ಯಾಹ್ನ ಬಂದವನು ಟ್ರ್ಯಾಕ್ಟರ್ ವ್ಯಾಪಾರಿ, ಈವರೆಗೆ ಯಾವ ಚುನಾವಣೆಗೂ ನಿಂತವನಲ್ಲ. ಮೊದಲ ತುತ್ತಿಗೇ "ಥೂ, ಉಪ್ಪು!" ಎಂದು ಉಗಿದ.

ಅವನು ಹೋದದ್ದೇ ತಡ, ಜಗಳ ಶುರು.

"ನೋಡಿದ್ರಾ, ಅನುಭವ ಅಂದ್ರೆ ಆ ಸೆನೆಟರ್‌ದು! ಮುಖ ಒಂಚೂರೂ ಕಿವುಚಲಿಲ್ಲ," ಎಂದಳು ಚಿಕ್ಕಮ್ಮ.

"ಮೂವತ್ತು ವರ್ಷ ಸುಳ್ಳು ಹೇಳಿದ ಅನುಭವ ಕಣೇ! ನನ್ನ ವೋಟು ಉಗಿದವನಿಗೇ," ಎಂದರು ಓರಿನ್ ಚಿಕ್ಕಪ್ಪ.

"ಮತ್ತೆ ನೀವು? ಸೆನೆಟರ್ ಪಕ್ಕ ಕೂತು ಬಾಯಿ ಚಪ್ಪರಿಸ್ಕೊಂಡು ಎರಡು ತುಂಡು ತಿಂದ್ರಲ್ಲ!"

"ಅವ್ರು ತಿಂದು ಹೊರಟು ಹೋದ್ರು. ನಾನು ಈ ಮನೇಲೇ ಇರ್ಬೇಕಲ್ಲೇ!"

ನನ್ನ ಕೆಮ್ಮು ವಾಸಿಯಾಗಿದೆ, ಚಿಂತಿಸಬೇಡ. ಬಾಯಾರಿಕೆ ಮಾತ್ರ ನಿಂತಿಲ್ಲ. ನಾನೂ ಒಂದು ತುಂಡು ತಿಂದು ಹೊಗಳಿದ್ದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಲೋರ್ನಾ