ಮನೆಗೆ ಡಾಬು ತೊಡಿಸಿದ ಅತ್ತೆಗೆ

ಪ್ರೀತಿಯ ಅತ್ತೆಯವರೇ,

ಬೆಟಗೇರಿಯಲ್ಲಿ ನೆಲ ನಡುಗಿದ ಆ ಮಧ್ಯಾಹ್ನ ನಿಮಗೆ ನೆನಪಿದೆಯೇ? ಓಣಿಯವರೆಲ್ಲ ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಿಬಂದರೆ, ನೀವು ಬಂದದ್ದು ಉಪ್ಪಿನಕಾಯಿ ಭರಣಿ ಎತ್ತಿಕೊಂಡು! "ಜೀವ ದೊಡ್ಡದೋ ಭರಣಿ ದೊಡ್ಡದೋ ಬೇ?" ಎಂದು ನಿಮ್ಮ ಮಗ ಕೂಗಿದರು. "ಜೀವ ನನ್ನ ಜೋಡೀನ ಬಂತಲ್ಲೋ. ಭರಣಿಗೆ ಕಾಲು ಅದಾವೇನು?" ಎಂದಿರಿ.

ಎಂಜಿನಿಯರಾದ ನಿಮ್ಮ ಮಗ ಅಂದೇ ಗೋಡೆ ತಟ್ಟಿ ನೋಡತೊಡಗಿದರು. ಕಲ್ಲು-ಮಣ್ಣಿನ ಹಳೆಯ ಗೋಡೆಗಳು. ಮೇಲೆ ವರ್ಷವರ್ಷವೂ ಮಣ್ಣು ಹೇರಿಸಿಕೊಂಡ ಮಾಳಿಗೆ. ಇನ್ನೊಮ್ಮೆ ಜೋರಾಗಿ ನಡುಗಿದರೆ ಗೋಡೆ ಹೊರಕ್ಕೆ ವಾಲಿ, ಅಷ್ಟೂ ಭಾರ ನಮ್ಮ ತಲೆಯ ಮೇಲೆ... ಮಣ್ಣು ಇಳಿಸಬೇಕು, ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹಾಯಿಸಿ ಬಿಗಿಯಬೇಕು ಎಂದರು.

ಗೌಂಡಿಗಳು ಸಲಿಕೆ ಹಿಡಿದು ಬಂದಾಗ ನೀವು ಮಾಳಿಗೆಯ ನಟ್ಟನಡುವೆ ಛತ್ರಿ ಬಿಚ್ಚಿಕೊಂಡು ಕುಳಿತಿದ್ದಿರಿ. "ನಿಮ್ಮಪ್ಪ ತನ್ನ ಕೈಲೆ ಹಾಕಿದ ಮಣ್ಣಿದು. ಮೊದಲ ನನ್ನ ಇಳಸು!" ಗೌಂಡಿ ಕೆಳಗಿನಿಂದ ಕೇಳಿದ: "ಸಾಹೇಬ್ರ, ಭಾರ ಇಳಸೂದು ಅವ್ವಾರಿಂದನ ಸುರು ಮಾಡೂಣೇನ್ರಿ?" ನಗು ತಡೆಯಲು ನಿಮ್ಮ ಮಗ ಕೆಮ್ಮಿದ್ದು ನಿಮಗೆ ಕೇಳಿಸಿತ್ತೇ?

ತುಂಬು ಬಸುರಿ ನಾನು ಏಣಿ ಹತ್ತಿ ಬಂದದ್ದು ಕಂಡು ನಿಮ್ಮ ಮುಖ ಬಿಳಿಚಿತು. "ಇಳೀಲೇ ಹುಚ್ಚಿ!"

"ಬಾಣಂತನ ಮುಗಿಸಿ ತವರಿನಿಂದ ಕೂಸಿನ್ನ ಈ ಮಾಳಿಗಿ ಕೆಳಗ ಹೆಂಗ ತರ್ಲಿ ಅತ್ತೀ? ನನಗ ಹೆದರಿಕಿ ಆಗತೈತ್ರಿ."

ನೀವು ಛತ್ರಿ ಮಡಚಿದಿರಿ. ಆಮೇಲೆ ಒಂದು ಹಿಡಿ ಮಣ್ಣು ಕೆದರಿ ಸೆರಗಿಗೆ ಕಟ್ಟಿಕೊಂಡಿರಿ. "ಇಷ್ಟು ನಂದು. ಉಳದದ್ದು ಒಯ್ಯಾಕ ಹೇಳು."

ಸರಳು ಬಿಗಿದ ಮೇಲೆ ಹೊರಗೋಡೆಯಲ್ಲಿ ಅದರ ತುದಿಗೆ ಕೂರಿಸಿದ ಕಬ್ಬಿಣದ ಬಿಲ್ಲೆಗಳನ್ನು ನೋಡಿ ಹಾದುಹೋಗುವವರು ಕೇಳಿದರೆ, "ನಮ್ಮ ಮನಿಗೆ ಡಾಬು ಹಾಕ್ಸೀವ್ರಿ" ಎಂದು ಸೊಂಟ ತಟ್ಟಿ ತೋರಿಸುತ್ತಿದ್ದಿರಿ. ಪ್ರತಿ ಶುಕ್ರವಾರ ಆ ಬಿಲ್ಲೆಗಳಿಗೆ ಕುಂಕುಮ ಬೇರೆ!

ನೀವು ತೀರಿಹೋದ ಮೇಲಿನ ಸುದ್ದಿ ಹೇಳಲೇ? ಮೊನ್ನೆ ಮತ್ತೆ ನಡುಗಿತು, ಮೊದಲಿಗಿಂತ ಜೋರಾಗಿ. ಈ ಮನೆ ಜಗ್ಗುವುದಿಲ್ಲವೆಂದು ಊರಿಗೆಲ್ಲ ಹೇಳುತ್ತಿದ್ದ ನಿಮ್ಮ ಮಗ ಮೈಗೆ ಹಚ್ಚಿದ ಸಾಬೂನಿನ ಸಮೇತ, ಟವೆಲ್ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬೀದಿಗೆ ಓಡಿದರು. ಅಲ್ಲಿ ನಿಂತು, "ಹೆದರಬ್ಯಾಡ್ರಿ, ನಮ್ಮ ಮನಿ ಬೀಳೂದಿಲ್ಲ!" ಎಂದು ಕೂಗಿದರು. ಖರೆ, ಸ್ವಲ್ಪ ಸುಣ್ಣ ಉದುರಿದ್ದು ಬಿಟ್ಟರೆ ಏನೂ ಆಗಲಿಲ್ಲ. ಪಕ್ಕದ ಮನೆಯ ಗಂಗವ್ವನವರ ಗೋಡೆ ಮಾತ್ರ ಬಾಯಿಬಿಟ್ಟಿದೆ. ಅದನ್ನು ಬಿಗಿಯುವವರೆಗೂ ಅವರ ಸಂಸಾರವೆಲ್ಲ ನಮ್ಮ ಪಡಸಾಲೆಯಲ್ಲೇ. ಅವರ ಮಕ್ಕಳು, ನಿಮ್ಮ ಮೊಮ್ಮಗಳು ಸೇರಿ ಎಬ್ಬಿಸುವ ಗದ್ದಲ ಭೂಕಂಪಕ್ಕಿಂತ ಜೋರು. ಗೋಡೆಗಳು ಅದನ್ನೂ ತಡೆದುಕೊಂಡಿವೆ, ಅತ್ತೆ.

ನಿಮ್ಮ ಸೊಸೆ