ಬೀಳು ಹೊಲದ ಕುಂಬಳಬಳ್ಳಿ

ಮಹಾಜನರೇ, ಸದ್ದು ಮಾಡದೆ ಕೇಳಿ! ಊರೂರಲ್ಲಿ ಕಥೆ ಹೇಳುವವನ ಅಭ್ಯಾಸಬಲ, ಅಪ್ಪಾ; ಇಲ್ಲಿ ಸಭೆಯೆಂದರೆ ನೀನೊಬ್ಬನೇ, ನೀನೂ ತೀರಿಕೊಂಡು ಆರು ತಿಂಗಳಾಯಿತು.

ಹೊಲ ಬೀಳು ಬಿಟ್ಟರೆ ಸರ್ಕಾರ ಸಹಾಯಧನ ಕೊಡುತ್ತದೆಂದು ಕಾಗದ ತಂದವನು ನಾನು. ನೀನು ಸಹಿ ಹಾಕಿದೆ. ಇಂದು ತಪಾಸಣೆಗೆ ಅಧಿಕಾರಿ ಬಂದರೆ, ಬೇಲಿಯ ಪಕ್ಕ ಕುಂಬಳಬಳ್ಳಿ ಹಬ್ಬಿದೆ!

“ಏನ್ರೀ ಇದು? ಏನಾದ್ರೂ ಬೆಳೆದ್ರೆ ದುಡ್ಡು ನಿಲ್ಲುತ್ತೆ.”

“ನಾನು ಬಿತ್ತಿಲ್ಲ ಸಾರ್, ತಾನೇ ಹುಟ್ಟಿದೆ.”

“ಹಾಗಾದ್ರೆ ನೋಟಿಸ್ ಬಳ್ಳಿಗೇ ಕೊಡ್ಲಾ? ನಾಳೆಯೊಳಗೆ ಕಿತ್ತು ಹಾಕಿ.”

ನಿನ್ನ ಜೇಬಿನಲ್ಲಿ ಯಾವಾಗಲೂ ಬೀಜಗಳಿರುತ್ತಿದ್ದವು, ಅಪ್ಪಾ. ಸಹಿ ಹಾಕಿದ ಮೇಲೂ ಇದ್ದವೇ?

ಸಂಜೆಯಿಂದ ಮೂರು ಸಲ ಹೋಗಿ, ಬುಡಕ್ಕೆ ಕೈ ಹಾಕಿ, ಹಾಗೇ ವಾಪಸ್ ಬಂದೆ. ಒಂದು ಕಾಯಿ ಮುಷ್ಟಿಯಷ್ಟಾಗಿದೆ.

ಕೇಳಿರಿ, ಮಹಾಜನರೇ! ನಾಳೆ ಬೆಳಗ್ಗೆ ಕಚೇರಿಗೆ ಹೋಗಿ ಆ ಯೋಜನೆಯಿಂದ ನಮ್ಮ ಹೆಸರು ತೆಗೆಸುತ್ತೇನೆ. ಹೊರಡುವ ಮುಂಚೆ ಬಳ್ಳಿಗೊಂದು ಕೊಡ ನೀರು ಹಾಕುತ್ತೇನೆ.